ಶಾಲೆಯಲ್ಲಿ ಸಂಗೀತ ಟೀಚರ್ ಆಗಬೇಕು ಅಂದರೆ ಏನು ಓದಬೇಕು?

ಪ್ರತಿ ವರ್ಷ ಪಿಯುಸಿ ಫಲಿತಾಂಶ ಬಂದ ಮೇಲೆ ಈ ಪ್ರಶ್ನೆ ನನ್ನ ಮನೆ ಬಾಗಿಲಿಗೆ ಬಂದೇ ಬರುತ್ತದೆ. ಈ ಸಲ ಕೇಳಿದವರು ಹನುಮಂತನಗರದ ಒಬ್ಬ ತಾಯಿ. ಮಗಳನ್ನು ಸಂಜೆ ಪಾಠದಿಂದ ಕರೆದುಕೊಂಡು ಹೋಗಲು ಬಂದಿದ್ದರು. ಸ್ಕೂಟರ್ ಆಫ್ ಮಾಡದೆ ನಿಂತಲ್ಲೇ ಕೇಳಿದರು. "ಮಿಸ್, ಇವಳು ಸಂಗೀತದ ಸೀನಿಯರ್ ಪರೀಕ್ಷೆ ಪಾಸಾಗಿದ್ದಾಳೆ. ಈಗ ಸ್ಕೂಲಲ್ಲಿ ಮ್ಯೂಸಿಕ್ ಟೀಚರ್ ಆಗ್ತೀನಿ ಅಂತ ಹಟ ಹಿಡಿದಿದ್ದಾಳೆ. ಯಾವ ಕೋರ್ಸಿಗೆ ಸೇರಿಸ್ಬೇಕು ಹೇಳಿ."

"ಸ್ಕೂಟರ್ ಆಫ್ ಮಾಡಿ ಒಳಗೆ ಬನ್ನಿ" ಎಂದೆ. ಇದಕ್ಕೆ ಒಂದು ಮಾತಿನ ಉತ್ತರ ಇಲ್ಲ.

ಡಾಕ್ಟರ್ ಆಗಬೇಕಾದರೆ ಎಂಬಿಬಿಎಸ್ ಇದೆ, ವಕೀಲರಾಗಲು ಎಲ್‌ಎಲ್‌ಬಿ ಇದೆ. ಶಾಲೆಯ ಸಂಗೀತ ಟೀಚರ್ ಆಗಲು ನಮ್ಮಲ್ಲಿ ಹಾಗೆ ಎಲ್ಲರಿಗೂ ಗೊತ್ತಿರುವ ಒಂದೇ ಪದವಿ ಇಲ್ಲ. ಅಮೆರಿಕದಲ್ಲಿ ಇದಕ್ಕೆಂದೇ 'ಮ್ಯೂಸಿಕ್ ಎಜುಕೇಷನ್' ಎಂಬ ನಾಲ್ಕು ವರ್ಷದ ಪದವಿ ಇದೆ. ಹಾಡುವುದು, ನುಡಿಸುವುದು, ಮಕ್ಕಳ ಮನಸ್ಸು, ತರಗತಿ ನಡೆಸುವ ರೀತಿ ಎಲ್ಲವನ್ನೂ ಅದರಲ್ಲೇ ಕಲಿಸುತ್ತಾರೆ. ಕೊನೆಯಲ್ಲಿ ಶಾಲೆಗೆ ಕಳಿಸಿ ಪಾಠ ಮಾಡಿಸುತ್ತಾರೆ. ನಮ್ಮಲ್ಲಿ ಸಂಗೀತ ಒಂದು ಕಡೆ, ಪಾಠ ಹೇಳುವ ವಿದ್ಯೆ ಇನ್ನೊಂದು ಕಡೆ. ಸಂಗೀತದ ಪದವಿ ನಿಮ್ಮನ್ನು ಹಾಡುಗಾರರನ್ನಾಗಿ ಮಾಡುತ್ತದೆ. ಬಿ.ಎಡ್. ನಿಮ್ಮನ್ನು ಕನ್ನಡದ್ದೋ ಸಮಾಜದ್ದೋ ಟೀಚರ್ ಮಾಡುತ್ತದೆ. ನಲವತ್ತು ಮಕ್ಕಳನ್ನು ಒಂದೇ ಶ್ರುತಿಯಲ್ಲಿ ಹಾಡಿಸುವುದು ಹೇಗೆ ಅಂತ ಎರಡು ಕಡೆಯೂ ಹೇಳಿಕೊಡುವುದಿಲ್ಲ. ಈ ಎರಡು ತುಂಡುಗಳನ್ನು ಹೊಲಿದುಕೊಳ್ಳುವ ಕೆಲಸ ವಿದ್ಯಾರ್ಥಿಯ ಮೇಲೇ ಬೀಳುತ್ತದೆ. ಆ ಹೊಲಿಗೆ ಹೇಗೆ ಹಾಕುವುದು ಅಂತ ಆವತ್ತು ಆ ತಾಯಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ವಿದ್ವತ್ ಬೇರೆ, ಪದವಿ ಬೇರೆ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಬೆಂಗಳೂರಿನಲ್ಲಿ ಮನೆಮನೆಯಲ್ಲೂ ಮಕ್ಕಳು ಕಟ್ಟುವುದು ಜೂನಿಯರ್, ಸೀನಿಯರ್, ವಿದ್ವತ್ ಪೂರ್ವ, ವಿದ್ವತ್ ಅಂತಿಮ ಎಂಬ ನಾಲ್ಕು ಪರೀಕ್ಷೆಗಳನ್ನು. ಬಹಳ ವರ್ಷ ಇವನ್ನು ಎಸ್ಸೆಸ್ಸೆಲ್ಸಿ ಬೋರ್ಡ್ ನಡೆಸುತ್ತಿತ್ತು. ಈಗ ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ನಡೆಸುತ್ತದೆ. ವಿದ್ವತ್ ಅಂತಿಮ ಪಾಸಾಗುವುದು ಸಣ್ಣ ಮಾತಲ್ಲ. ಹತ್ತು ವರ್ಷದ ಸಾಧನೆ ಬೇಕು. ರಾಗಾಲಾಪನೆ, ನೆರವಲ್, ಕಲ್ಪನಾಸ್ವರ ಎಲ್ಲವನ್ನೂ ಪರೀಕ್ಷಕರ ಎದುರು ಆಗಲೇ ಕಟ್ಟಿ ಹಾಡಬೇಕು.

ಆದರೂ ಅದು ಪರೀಕ್ಷೆ, ಪದವಿಯಲ್ಲ. ಕೆಲಸದ ಅರ್ಜಿಯಲ್ಲಿ 'ಪದವಿ' ಎಂದು ಕೇಳಿದ ಕಡೆ ವಿಶ್ವವಿದ್ಯಾಲಯದ ಡಿಗ್ರಿಯನ್ನೇ ಹುಡುಕುತ್ತಾರೆ. ನನ್ನ ಜೊತೆ ಕಲಿತವಳೊಬ್ಬಳು ವಿದ್ವತ್ತಿನಲ್ಲಿ ನನಗಿಂತ ಎಷ್ಟೋ ಜಾಸ್ತಿ ಅಂಕ ತೆಗೆದಿದ್ದಳು. ಅವಳ ತೋಡಿ ರಾಗ ಕೇಳಿದರೆ ಎದ್ದು ಹೋಗಲು ಮನಸ್ಸೇ ಬರುತ್ತಿರಲಿಲ್ಲ. ಒಂದು ಶಾಲೆಯಲ್ಲಿ ಹಾಡಿಸಿ ಕೇಳಿದರು, ಮೆಚ್ಚಿದರು, ದಾಖಲೆ ನೋಡುವ ದಿನ ವಾಪಸ್ ಕಳಿಸಿದರು. ಪಿಯುಸಿ ನಂತರ ಅವಳು ಕಾಲೇಜಿಗೆ ಹೋಗಿರಲಿಲ್ಲ. "ವಿದ್ವತ್ ಆದರೆ ಸಾಕು" ಅಂತ ಮನೆಯಲ್ಲಿ ಎಲ್ಲರೂ ನಂಬಿದ್ದರು. ಆ ಸಂಜೆ ಅವಳು ಗಾಂಧಿಬಜಾರಿನ ಬಸ್ ಸ್ಟಾಪಿನಲ್ಲಿ ಸುಮ್ಮನೆ ಕೂತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಅದಕ್ಕೇ ಈ ಮಾತನ್ನು ಎಲ್ಲಕ್ಕಿಂತ ಮೊದಲು ಹೇಳುತ್ತೇನೆ: ವಿದ್ವತ್ ಕಟ್ಟಿ, ಬಿಡಬೇಡಿ. ಪದವಿಯನ್ನೂ ಜೊತೆಜೊತೆಗೆ ಮಾಡಿ.

ಹಿಂದೂಸ್ತಾನಿಯವರಿಗೂ ಇದೇ ಮಾತು. ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳು ಪ್ರಾರಂಭಿಕದಿಂದ ಶುರುವಾಗಿ ಪ್ರವೇಶಿಕಾ, ಮಧ್ಯಮಾ ದಾಟಿ ವಿಶಾರದ, ಅಲಂಕಾರದವರೆಗೆ ಹೋಗುತ್ತವೆ. ವಿಶಾರದವನ್ನು ಕೆಲವು ಕೇಂದ್ರ ಸರ್ಕಾರಿ ಹುದ್ದೆಗಳ ನಿಯಮದಲ್ಲಿ ಹೆಸರು ಹೇಳಿ ಒಪ್ಪಿದ್ದಾರೆ, ಕೆಲವು ಕಡೆ ಇಲ್ಲ. ಪಾಶ್ಚಾತ್ಯ ಸಂಗೀತದವರು ಲಂಡನ್ನಿನ ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂ ಪರೀಕ್ಷೆಗಳ 8 ಗ್ರೇಡುಗಳನ್ನು ಕಟ್ಟುತ್ತಾರೆ. ವೈಟ್‌ಫೀಲ್ಡ್, ಸರ್ಜಾಪುರದ ಕಡೆಯ ಇಂಟರ್‌ನ್ಯಾಷನಲ್ ಶಾಲೆಗಳಲ್ಲಿ ಇವಕ್ಕೆ ಬೆಲೆ ಇದೆ. ಅಲ್ಲೂ ಕೈಯಲ್ಲೊಂದು ಡಿಗ್ರಿ ಇದ್ದರೆ ಒಳ್ಳೆಯದು.

ಡಿಗ್ರಿ ಎಲ್ಲಿ, ಹೇಗೆ

ಡಿಗ್ರಿಯಲ್ಲಿ ಎರಡು ದಾರಿ. ಒಂದು, ಸಂಗೀತವೇ ಮುಖ್ಯವಾದ ಪದವಿ. ಇದನ್ನು ಬಿಪಿಎ (ಬ್ಯಾಚುಲರ್ ಆಫ್ ಪರ್ಫಾರ್ಮಿಂಗ್ ಆರ್ಟ್ಸ್) ಅಥವಾ ಬಿ.ಮ್ಯೂಸಿಕ್ ಎನ್ನುತ್ತಾರೆ. ಇನ್ನೊಂದು, ಬಿಎಯಲ್ಲಿ ಸಂಗೀತವನ್ನು ಒಂದು ಐಚ್ಛಿಕ ವಿಷಯವಾಗಿ ತೆಗೆದುಕೊಂಡು, ಜೊತೆಗೆ ಕನ್ನಡ, ಇತಿಹಾಸ, ಮನಃಶಾಸ್ತ್ರದಂಥದ್ದನ್ನು ಓದುವುದು.

ಬೆಂಗಳೂರಿನ ರೇವಾ ವಿಶ್ವವಿದ್ಯಾಲಯದಲ್ಲಿ ಪ್ರದರ್ಶಕ ಕಲೆಗಳಿಗೇ ಬೇರೆ ವಿಭಾಗ ಇದೆ. ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಪ್ರದರ್ಶಕ ಕಲೆ, ಇಂಗ್ಲಿಷ್, ಮನಃಶಾಸ್ತ್ರ ಸೇರಿದ ಬಿಎ ಇದೆ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಸಂಗೀತದ ಸ್ನಾತಕೋತ್ತರ ಪದವಿ ಮಾಡಬಹುದು. ಊರು ಬಿಡಲು ಸಿದ್ಧ ಇದ್ದರೆ ಮೈಸೂರು ದೂರವೇನಲ್ಲ. ಅಲ್ಲಿ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯ ಇದೆ, ಮಾನಸಗಂಗೋತ್ರಿಯಲ್ಲಿ ಮಹಿಳೆಯರ ಲಲಿತಕಲಾ ಕಾಲೇಜು ಇದೆ. ಹಿಂದೂಸ್ತಾನಿ ಕಲಿಯುವವರ ಮನಸ್ಸು ಸಹಜವಾಗಿ ಧಾರವಾಡದ ಕಡೆಗೇ ಹೋಗುತ್ತದೆ. ಅದರಲ್ಲಿ ತಪ್ಪಿಲ್ಲ. ಆ ಊರಿನ ಗಾಳಿಯಲ್ಲೇ ಕೇಳ್ಮೆ ಇದೆ.

ತರಗತಿಯಲ್ಲಿ ಏನು ಕಲಿಸುತ್ತಾರೆ? ಅರ್ಧ ಹಾಡುವುದು, ಅರ್ಧ ಓದುವುದು. ವರ್ಣ, ಕೃತಿ, ಮನೋಧರ್ಮ ಒಂದು ಕಡೆ. ಇನ್ನೊಂದು ಕಡೆ ರಾಗಲಕ್ಷಣ, 72 ಮೇಳಕರ್ತ (ಮೂಲ) ರಾಗಗಳು, 35 ತಾಳಗಳ ಲೆಕ್ಕ, ವಾಗ್ಗೇಯಕಾರರು, ಸಂಗೀತದ ಚರಿತ್ರೆ, ಸ್ವರಲಿಪಿ ಬರೆಯುವುದು. ಸ್ವರಲಿಪಿಯನ್ನು ಹಲವರು ಕಡೆಗಣಿಸುತ್ತಾರೆ. ಶಾಲೆಗೆ ಹೋದ ಮೇಲೆ ದಿನವೂ ಬೇಕಾಗುವುದು ಅದೇ. ಹೊಸ ಸಮೂಹಗೀತೆ ಕೈಗೆ ಬಂದಾಗ ನಾಲ್ಕು ಸಲ ಕೇಳಿ ಸ್ವರ ಹಾಕಿಕೊಳ್ಳಲು ಬರಬೇಕು. ಬರದಿದ್ದರೆ ಪ್ರತಿ ಹಾಡಿಗೂ ಇನ್ನೊಬ್ಬರ ಬಾಯಿ ನೋಡಬೇಕಾಗುತ್ತದೆ.

ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಬಂತು. 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದೇವೆ. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಬೇರೆ ಇರಬಹುದು. ಸೇರುವ ಮೊದಲು ಎಷ್ಟು ವರ್ಷ ಅಂತ ಕೇಳಿಕೊಳ್ಳಿ. ಯಾಕೆಂದರೆ ಮುಂದೆ ಇನ್ನೂ ಬಿ.ಎಡ್. ಇದೆ.

ಬಿ.ಎಡ್. ಎಂಬ ಬಾಗಿಲು

ಜಾಸ್ತಿ ಜನ ಎಡವುವುದು ಇಲ್ಲಿ. ಬಿ.ಎಡ್.ಗೆ ಸೇರಲು ಪದವಿಯಲ್ಲಿ ಸಾಮಾನ್ಯವಾಗಿ ಶೇ. 50 ಅಂಕ ಬೇಕು. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಬಿ.ಎಡ್.ನಲ್ಲಿ ನೀವು 'ಬೋಧನಾ ವಿಷಯ' ಅಂತ ಆರಿಸಿಕೊಳ್ಳಬೇಕು. ಕನ್ನಡ, ಇಂಗ್ಲಿಷ್, ಸಮಾಜ, ಗಣಿತ, ವಿಜ್ಞಾನ, ಹೀಗೆ. ಪದವಿಯಲ್ಲಿ ಓದಿದ ವಿಷಯವನ್ನು ನೋಡಿ ಅದನ್ನು ಕೊಡುತ್ತಾರೆ. ಸಂಗೀತವನ್ನು ಬೋಧನಾ ವಿಷಯವಾಗಿ ಕೊಡುವ ಬಿ.ಎಡ್. ಕಾಲೇಜು ನಮ್ಮ ಕಡೆ ತೀರಾ ಅಪರೂಪ. ಪದವಿಯಲ್ಲಿ ಬರೀ ಸಂಗೀತವನ್ನೇ ಓದಿದ್ದರೆ ಬಿ.ಎಡ್. ಅರ್ಜಿ ತುಂಬುವಾಗ ಕೈ ಅಲ್ಲೇ ನಿಂತುಬಿಡುತ್ತದೆ.

ಅದಕ್ಕೆ ನನ್ನ ಸಲಹೆ ನೇರ. ಶಾಲೆಯಲ್ಲೇ ಕೆಲಸ ಮಾಡಬೇಕು ಅಂತ ಮನಸ್ಸು ಗಟ್ಟಿ ಇದ್ದರೆ, ಸಂಗೀತದ ಜೊತೆ ಶಾಲೆಯಲ್ಲಿ ಕಲಿಸುವ ಒಂದು ವಿಷಯ ಇರುವ ಬಿಎ ತೆಗೆದುಕೊಳ್ಳಿ. ಕಛೇರಿ ಕಲಾವಿದರಾಗಬೇಕು, ಟೀಚಿಂಗ್ ಪಕ್ಕದಲ್ಲಿರಲಿ ಅನ್ನುವವರಿಗೆ ಬಿಪಿಎ ಸರಿ. ಬಿಪಿಎಯಲ್ಲಿ ಸಂಗೀತ ಆಳವಾಗಿ ಸಿಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹದಿನೆಂಟರ ಹುಡುಗಿಗೆ ಒಂದು ಬಾಗಿಲು ಮುಚ್ಚುತ್ತಿದೆ ಅಂತ ಮೊದಲೇ ಹೇಳುವುದು ನಮ್ಮ ಜವಾಬ್ದಾರಿ, ಅಲ್ವಾ? ನಾನು ಓದಿದ್ದು ಸಂಗೀತ, ಕನ್ನಡ, ಇತಿಹಾಸ. ಬಿ.ಎಡ್.ನಲ್ಲಿ ಕನ್ನಡ ಮತ್ತು ಸಮಾಜ ಸಿಕ್ಕವು. ಮೊದಲ ಕೆಲಸ ಸಿಕ್ಕಿದ್ದೂ "ಮ್ಯೂಸಿಕ್ ಜೊತೆಗೆ ಐದನೇ ತರಗತಿಗೆ ಕನ್ನಡ ತಗೋತೀರಾ?" ಎಂಬ ಪ್ರಶ್ನೆಗೆ ಹೂಂ ಅಂದಿದ್ದಕ್ಕೆ. ಸಣ್ಣ ಶಾಲೆಗಳಿಗೆ ಬರೀ ಸಂಗೀತಕ್ಕೆ ಪೂರ್ತಿ ಸಂಬಳ ಕೊಡಲು ಆಗುವುದಿಲ್ಲ. ಎರಡು ವಿಷಯ ಹೇಳುವವರು ಅವರಿಗೆ ಅನುಕೂಲ.

ನಮ್ಮ ಕಾಲದಲ್ಲಿ ಬಿ.ಎಡ್. ಒಂದೇ ವರ್ಷ ಇತ್ತು. 2015ರಿಂದ ಎರಡು ವರ್ಷ ಆಗಿದೆ. ಅದರಲ್ಲಿ ಕನಿಷ್ಠ 20 ವಾರ ಶಾಲೆಯಲ್ಲಿ ಇಂಟರ್ನ್‌ಶಿಪ್: ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ. ಈ 16 ವಾರ ಇಡೀ ಕೋರ್ಸಿನ ಜೀವ. ನಿಮಗೆ ಕೊಡುವುದು ಕನ್ನಡದ ಪಿರಿಯಡ್ಡೇ ಇರಬಹುದು. ಮೊದಲ ವಾರದಲ್ಲೇ ಹೆಡ್ ಮಿಸ್ಸಿನ ಹತ್ತಿರ ಹೋಗಿ, "ಮೇಡಂ, ವಾರಕ್ಕೆ ಒಂದು ಪಿರಿಯಡ್ ಮಕ್ಕಳಿಗೆ ಹಾಡು ಹೇಳಿಕೊಡ್ಲಾ?" ಅಂತ ಕೇಳಿ. ಬೇಡ ಅಂದವರನ್ನು ನಾನಂತೂ ಕಂಡಿಲ್ಲ. ಸಂಗೀತ ಟೀಚರೇ ಇಲ್ಲದ ಶಾಲೆಗಳು ನಮ್ಮಲ್ಲಿ ತುಂಬಾ ಇವೆ. ಹಾಗೆ ಕೇಳಿಕೊಂಡು ತೆಗೆದುಕೊಂಡ 16 ಪಿರಿಯಡ್ಡುಗಳೇ ನಿಮ್ಮ ನಿಜವಾದ ತರಬೇತಿ.

ಹೊಸ ದಾರಿಗಳೂ ತೆರೆಯುತ್ತಿವೆ. ಶಿಕ್ಷಕರ ಶಿಕ್ಷಣ ನೋಡಿಕೊಳ್ಳುವ ಎನ್‌ಸಿಟಿಇ 2014ರ ನಿಯಮಗಳಲ್ಲಿ ಪ್ರದರ್ಶಕ ಕಲೆಗೆಂದೇ ಎರಡು ವರ್ಷದ ಡಿಪ್ಲೊಮಾ ಇಟ್ಟಿದೆ. ನಮ್ಮ ಊರಿನ ಕಾಲೇಜುಗಳು ಅದನ್ನು ಇನ್ನೂ ಕೈಗೆತ್ತಿಕೊಳ್ಳಬೇಕಿದೆ. ಪಿಯುಸಿ ಆದ ಮೇಲೆ ಪದವಿ ಮತ್ತು ಬಿ.ಎಡ್. ಎರಡನ್ನೂ ಸೇರಿಸಿ ನಾಲ್ಕು ವರ್ಷದಲ್ಲಿ ಮುಗಿಸುವ ಐಟಿಇಪಿ 2023–24ರಿಂದ ಶುರುವಾಗಿದೆ. ಅದರಲ್ಲಿ ಕಲಾ ಶಿಕ್ಷಣಕ್ಕೂ ಬೇರೆ ಶಾಖೆ ತರುವುದಾಗಿ ಎನ್‌ಸಿಟಿಇ ಹೇಳಿದೆ. ಅದು ಚೆನ್ನಾಗಿ ನಡೆದರೆ ನಾನು ಮೇಲೆ ಹೇಳಿದ ಹೊಲಿಗೆ ಕೆಲಸ ಕಡಿಮೆಯಾಗುತ್ತದೆ. ಅದು ಬೇಗ ಆಗಲಿ ಅಂತ ನನಗೆ ತುಂಬಾ ಆಸೆ.

ಎರಡನೇ ತರಗತಿ, 42 ಮಕ್ಕಳು, ಐದೂವರೆ ಮನೆ

ಇನ್ನು ಯಾವ ಡಿಗ್ರಿಯಲ್ಲೂ ಸರಿಯಾಗಿ ಸಿಗದ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ನನ್ನ ಮೊದಲ ತರಗತಿ ಎರಡನೇ ಕ್ಲಾಸಿನದು. 42 ಮಕ್ಕಳು. ಕೈಯಲ್ಲಿ ಶ್ರುತಿಪೆಟ್ಟಿಗೆ. ಹದಿನೈದು ವರ್ಷ ನಾನು ಹಾಡಿದ್ದು ಐದೂವರೆ ಮನೆ ಶ್ರುತಿಗೆ, ಹೆಂಗಸರು ಸಾಮಾನ್ಯವಾಗಿ ಹಾಡುವುದು ಅಲ್ಲೇ. 'ಮನೆ' ಅಂದರೆ ಆಧಾರ ಸ್ವರ ಇಡುವ ಜಾಗ, ಒಂದರಿಂದ ಏಳರವರೆಗೆ ಏರಿ ಮತ್ತೆ ಒಂದರಿಂದ ಶುರುವಾಗುತ್ತದೆ. ಯೋಚನೆ ಮಾಡದೆ ಅದನ್ನೇ ಇಟ್ಟು ಒಂದು ಸಣ್ಣ ದೇವರನಾಮ ಶುರು ಮಾಡಿದೆ. ಮಕ್ಕಳು ಜೊತೆಗೆ ಹಾಡಿದರು. ಹಾಡಿದರು ಅನ್ನುವುದಕ್ಕಿಂತ ಗೊಣಗಿದರು. ದನಿ ಕೆಳಗೆಲ್ಲೋ ನೆಲದಲ್ಲಿ ತೆವಳುತ್ತಿತ್ತು. ಜೋರಾಗಿ ಅಂದೆ, ಕಿರುಚಿದರು. ಮೆಲ್ಲಗೆ ಅಂದೆ, ದನಿಯೇ ನಿಂತಿತು. ಎರಡು ವಾರ ಹೀಗೇ ಆಯಿತು. ಈ ಮಕ್ಕಳಿಗೆ ಶ್ರುತಿಜ್ಞಾನವೇ ಇಲ್ಲ ಅಂತ ಬೇಸರವಾಗಿತ್ತು.

ಪಕ್ಕದ ಕೋಣೆಯಲ್ಲಿ ಒಂದನೇ ಕ್ಲಾಸಿನ ಹಿರಿಯ ಮಿಸ್ಸೊಬ್ಬರು ಇದ್ದರು. ಅವರು ಸಂಗೀತ ಕಲಿತವರಲ್ಲ. ಒಂದು ದಿನ ಬಾಗಿಲಲ್ಲಿ ನಿಂತು ಕೇಳಿ, "ನೀವು ತುಂಬಾ ಕೆಳಗೆ ಹಾಡ್ತೀರಮ್ಮ. ನಾನು ಪ್ರೇಯರ್‌ಗೆ ಶುರು ಮಾಡುವಾಗ ಎಷ್ಟು ಮೇಲೆ ಎತ್ಕೊತೀನಿ ನೋಡಿದ್ದೀರಾ?" ಅಂದರು.

ಮನೆಗೆ ಹೋಗಿ ಕೀಬೋರ್ಡ್ ಮುಂದೆ ಕೂತು ಲೆಕ್ಕ ಹಾಕಿದೆ. ಐದೂವರೆ ಮನೆಯಲ್ಲಿ ನನ್ನ ಷಡ್ಜ, ಅಂದರೆ ಸ, ಬೀಳುವುದು ಕೀಬೋರ್ಡಿನ ನಡು ಸಿ ಸ್ವರಕ್ಕಿಂತ ನಾಲ್ಕು ಕೀಲಿ ಕೆಳಗೆ, ಕಪ್ಪು ಬಿಳುಪು ಎಲ್ಲ ಸೇರಿಸಿ. ಆರೇಳು ವರ್ಷದ ಮಗುವಿನ ಗಂಟಲು ಸಲೀಸಾಗಿ ಓಡಾಡುವುದು ಹೆಚ್ಚುಕಡಿಮೆ ಆ ನಡು ಸಿ ಇಂದ ಮೇಲಕ್ಕೆ, ಆರೇಳು ಸ್ವರದೊಳಗೆ. ನಾನು ಹಾಡುತ್ತಿದ್ದ ಸ ರಿ ಗ ಮ ಅವರ ಮನೆಯ ನೆಲಮಾಳಿಗೆಯಲ್ಲಿತ್ತು. ಅಲ್ಲಿಗೆ ಅವರು ಇಳಿಯುವುದಾದರೂ ಹೇಗೆ? ತಪ್ಪು ಮಕ್ಕಳದಲ್ಲ, ನನ್ನದು.

ಮಾರನೇ ದಿನ ಶ್ರುತಿಯನ್ನು ಏಳು ದಾಟಿ ಮತ್ತೆ ಬರುವ ಒಂದು ಮನೆಗೆ ಏರಿಸಿದೆ. ಈಗ ಷಡ್ಜ ಸರಿಯಾಗಿ ನಡು ಸಿ ಮೇಲೆ ಕೂತಿತು. ನನ್ನ ಗಂಟಲಿಗೆ ಕಷ್ಟ ಆಯಿತು. ಅಭ್ಯಾಸ ಇಲ್ಲದ ಜಾಗದಲ್ಲಿ, ಎದೆಯಿಂದ ಅಲ್ಲದೆ ಹಗುರವಾಗಿ ಹಾಡಬೇಕಾಯಿತು. ಆದರೆ ಮಕ್ಕಳು! ಕಿಟಕಿ ತೆಗೆದಂತೆ ದನಿ ಬಂತು. ಗೊಣಗು ಹೋಗಿ ಗಂಟೆ ಹೊಡೆದ ಹಾಗೆ ತಿಳಿಯಾದ ದನಿ. ಮೂರನೇ ಬೆಂಚಿನ ಹುಡುಗಿಯೊಬ್ಬಳು ಹಾಡುವುದು ನಿಲ್ಲಿಸಿ ಪಕ್ಕದವಳ ಮುಖ ನೋಡಿದಳು, ಇದು ನಮ್ಮದೇ ದನಿಯಾ ಅನ್ನುವ ಹಾಗೆ. ಆ ಕ್ಷಣ ನನಗೆ ಟೀಚರ್ ಕೆಲಸ ಅಂದರೆ ಏನು ಅಂತ ಗೊತ್ತಾಯಿತು.

ಇಷ್ಟು ಸಣ್ಣ ವಿಷಯವನ್ನು ಮೂರು ವರ್ಷದ ಡಿಗ್ರಿಯಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಕಾರಣ ಇದೆ. ನಮ್ಮ ಸಂಗೀತ ಪಾಠ ಗುರುವಿನ ಎದುರು ಒಬ್ಬಿಬ್ಬರು ಕೂತು ಕಲಿಯುವ ರೀತಿಯದು. ಅಲ್ಲಿ ಶ್ರುತಿ ಕಲಿಯುವವರ ಗಂಟಲಿಗೆ ತಕ್ಕಂತೆ ನಿಧಾನವಾಗಿ ನೆಲೆಯಾಗುತ್ತದೆ. ಶಾಲೆಯಲ್ಲಿ 42 ಗಂಟಲು, 40 ನಿಮಿಷ, ವಾರಕ್ಕೆ ಒಂದೋ ಎರಡೋ ಪಿರಿಯಡ್. ಎದುರಿಗೆ ಕೂತವರಲ್ಲಿ ಎಲ್ಲರೂ ಸಂಗೀತ ಬೇಕು ಅಂತ ಬಂದವರಲ್ಲ. ಇದು ಬೇರೆಯದೇ ವಿದ್ಯೆ.

ಸ್ವರಗಳ ಮೊದಲ ಪಾಠವಾದ ಸರಳೆ ವರಸೆಯಿಂದ ಶುರು ಮಾಡಬೇಕಾ ಅಂತ ಹೊಸಬರು ಕೇಳುತ್ತಾರೆ. ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿ, ಅಲಂಕಾರ, ಆಮೇಲೆ ಗೀತೆ. ಪುರಂದರದಾಸರು ಹಾಕಿದ ಈ ಕ್ರಮ ಸಂಗೀತವನ್ನೇ ಹಿಡಿದು ಕೂರುವ ಮಗುವಿಗೆ ಇವತ್ತಿಗೂ ಸರಿ. ಎರಡನೇ ಕ್ಲಾಸಿನ ಇಡೀ ತರಗತಿಗೆ ನಾನು ಅದನ್ನು ಮೊದಲು ಹೇಳಿಕೊಡುವುದಿಲ್ಲ. ಮೊದಲು ಹಾಡು, ಆಟ, ಕೈತಾಳ. ಆದಿತಾಳದ ಎಂಟು ಎಣಿಕೆಯನ್ನು ಅವರು ಕುಂಟೆಬಿಲ್ಲೆ ಆಡಿದ ಹಾಗೆ ನೆಲದ ಮೇಲೆ ಹೆಜ್ಜೆ ಹಾಕಿ ಕಲಿಯುತ್ತಾರೆ. ಕಾಲಿಗೆ ಬಂದದ್ದು ಕೈಗೆ ಬರುತ್ತದೆ, ಕೈಗೆ ಬಂದದ್ದು ಬಾಯಿಗೆ ಬರುತ್ತದೆ.

ಹಂಗೇರಿಯ ಕೊಡಾಯ್ ಎಂಬ ಸಂಗೀತಗಾರರ ಹೆಸರಿನ ಒಂದು ಪದ್ಧತಿ ಇದೆ. ಬೆಂಗಳೂರಿನ ದೊಡ್ಡ ಶಾಲೆಗಳು ಜಾಹೀರಾತಿನಲ್ಲಿ ಅದನ್ನು ಕೇಳುತ್ತವೆ. ಹೆಸರು ಕೇಳಿ ಹೆದರಬೇಕಾಗಿಲ್ಲ. ಅದರ ತಿರುಳು ನಮಗೆ ಹಳೆಯದೇ. ಷಡ್ಜ ಎಲ್ಲಿಟ್ಟರೂ ಷಡ್ಜವೇ ಅಂತ ನಾವು ಹಾಡುತ್ತೇವಲ್ಲ, ಅವರ 'ಡೋ' ಕೂಡ ಹಾಗೇ ಜಾಗ ಬದಲಿಸುತ್ತದೆ. ಅದರ ಮೇಲೆ ಅವರು ಪ್ರತಿ ಸ್ವರಕ್ಕೂ ಒಂದೊಂದು ಕೈಸನ್ನೆ ಇಟ್ಟಿದ್ದಾರೆ. ಈ ಸನ್ನೆಗಳು ಮೊದಲು ಹುಟ್ಟಿದ್ದು 19ನೇ ಶತಮಾನದ ಇಂಗ್ಲೆಂಡಿನಲ್ಲಿ. ನಾನು ಸ, ಗ, ಪ ಮೂರಕ್ಕೆ ಮಾತ್ರ ಸನ್ನೆ ಇಟ್ಟುಕೊಂಡಿದ್ದೇನೆ. ಮಾತಾಡದೆ ಬರೀ ಕೈ ತೋರಿಸಿದರೆ ಇಡೀ ತರಗತಿ ಹಾಡುತ್ತದೆ. ಗಲಾಟೆ ತಾನಾಗೇ ನಿಲ್ಲುತ್ತದೆ. ನನ್ನ ಗಂಟಲೂ ಉಳಿಯುತ್ತದೆ. ದಿನಕ್ಕೆ ಆರು ಪಿರಿಯಡ್ ಕೂಗಿ ಕೂಗಿ ಹಾಡುವ ದನಿಯನ್ನೇ ಕಳೆದುಕೊಂಡ ಟೀಚರ್‌ಗಳನ್ನು ನಾನು ಬಲ್ಲೆ. ಇದನ್ನು ತಮಾಷೆಯಾಗಿ ತೆಗೆದುಕೊಳ್ಳಬೇಡಿ.

'ಇವನಿಗೆ ಹಾಡಕ್ಕೆ ಬರಲ್ಲ' ಅಂತ ಯಾವ ಮಗುವಿಗೂ ಹೇಳಬೇಡಿ. ಸ್ವರಕ್ಕೆ ಸ್ವರ ಸೇರಿಸುವುದು ಕಲಿತು ಬರುವ ವಿದ್ಯೆ. ಮನೆಯಲ್ಲಿ ಲಾಲಿ ಕೇಳಿ ಬೆಳೆದ ಮಗುವಿಗೆ ನಾಲ್ಕಕ್ಕೇ ಬಂದಿರುತ್ತದೆ, ಇನ್ನೊಂದಕ್ಕೆ ಒಂಬತ್ತಕ್ಕೆ ಬರಬಹುದು. ಅಂಥ ಮಗು ಸಿಕ್ಕರೆ ನಾನು ಶ್ರುತಿ ಬಿಟ್ಟು ಮೊದಲು ಅದರ ಸ್ವರವನ್ನು ನಾನೇ ಹಿಡಿಯುತ್ತೇನೆ. ಅದು ಹಾಡುವ ಜಾಗದಲ್ಲೇ ನಾನೂ ಹಾಡುತ್ತೇನೆ. ಎರಡು ದನಿ ಸೇರಿದಾಗ ಹೇಗೆ ಕೇಳುತ್ತದೆ ಅಂತ ಅದಕ್ಕೆ ಒಂದು ಸಲ ಗೊತ್ತಾಗಬೇಕು. ಆಮೇಲೆ ಅಲ್ಲಿಂದ ಮೆಲ್ಲಗೆ ಮೇಲೆ ಕರೆದುಕೊಂಡು ಬರುವುದು.

ಹೈಸ್ಕೂಲಿನ ಹುಡುಗರ ಕಥೆ ಬೇರೆ. ಹನ್ನೆರಡು–ಹದಿನಾಲ್ಕರ ಆಸುಪಾಸಿನಲ್ಲಿ ಅವರ ದನಿ ಒಡೆಯುತ್ತದೆ. ಸುಮಾರು ಒಂದು ಸ್ಥಾಯಿಯಷ್ಟು, ಅಂದರೆ ಮೇಲಿನ ಸ ಇಂದ ಕೆಳಗಿನ ಸ ವರೆಗಿನಷ್ಟು, ಕೆಳಗೆ ಇಳಿಯುತ್ತದೆ. ಏಳನೇ ಕ್ಲಾಸಿನಲ್ಲಿ ಪ್ರತಿಭಾ ಕಾರಂಜಿಯಲ್ಲಿ ಭಾವಗೀತೆಗೆ ಬಹುಮಾನ ತಂದ ಹುಡುಗನೊಬ್ಬ ಎಂಟನೇ ಕ್ಲಾಸಿಗೆ ಬಂದ ಮೇಲೆ ಬಾಯಿ ಬಿಡುವುದನ್ನೇ ನಿಲ್ಲಿಸಿದ. ದನಿ ಕೀರಲು ಹೋಗುತ್ತಿತ್ತು, ಹಿಂದಿನ ಬೆಂಚಿನವರು ನಗುತ್ತಿದ್ದರು. ಅವನ ಕೈಗೆ ಖಂಜಿರ ಕೊಟ್ಟೆ. ಒಂದು ವರ್ಷ ತಾಳ ಹಿಡಿದ, ಹಾಡಲು ಹೇಳಲಿಲ್ಲ. ಆದರೆ ಪ್ರತಿ ಹಾಡೂ ಕಿವಿಗೆ ಬೀಳುತ್ತಲೇ ಇತ್ತು. ಹತ್ತನೇ ಕ್ಲಾಸಿನಲ್ಲಿ ಅವನೇ ಬಂದು, "ಮಿಸ್, ಒಂದೂವರೆ ಮನೆಗೆ ಇಡ್ತೀರಾ? ಕೆಳಗಿಂದ ಹಾಡ್ತೀನಿ" ಅಂದ.

ಇನ್ನು ದಿನದ ಕೆಲಸ. ರಾಷ್ಟ್ರಗೀತೆ 52 ಸೆಕೆಂಡಿನದು. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಅಂತ 2022ರಲ್ಲಿ ಸರ್ಕಾರದ ಆದೇಶ ಆಗಿದೆ. ಬೆಳಗಿನ ಅಸೆಂಬ್ಲಿಯಲ್ಲಿ 800 ಮಕ್ಕಳು ಮೈದಾನದಲ್ಲಿ ನಿಂತಾಗ ಕಾಲ ಎಳೆದೆಳೆದು ನಿಧಾನವಾಗುತ್ತದೆ. ಹಿಂದಿನ ಸಾಲಿಗೆ ದನಿ ತಡವಾಗಿ ತಲುಪುವುದೇ ಕಾರಣ. ಮುಂದೆ ನಿಂತು ಕೈಯೆತ್ತಿ ತಾಳ ತೋರಿಸುವ ಒಂದು ಮಗು ಇದ್ದರೆ ಅರ್ಧ ಸಮಸ್ಯೆ ಹೋಗುತ್ತದೆ. ಮಕ್ಕಳು ನೋಡಿ ಹಾಡಲಿ, ಬರೀ ಕೇಳಿ ಅಲ್ಲ.

ಕೆಲಸ ಎಲ್ಲಿದೆ

ಕೇಂದ್ರೀಯ ವಿದ್ಯಾಲಯಗಳಲ್ಲಿ ಪ್ರಾಥಮಿಕ ತರಗತಿಗಳಿಗೆ ಸಂಗೀತ ಶಿಕ್ಷಕರ ಹುದ್ದೆ ಇದೆ. ಪಿಯುಸಿಯಲ್ಲಿ ಶೇ. 50 ಮತ್ತು ಸಂಗೀತದಲ್ಲಿ ಪದವಿ ಕೇಳುತ್ತಾರೆ. 2022ರ ಅಧಿಸೂಚನೆಯಲ್ಲಿ ಇಂಥ 303 ಹುದ್ದೆ ಇದ್ದವು. ಅದಕ್ಕೆ ಬಿ.ಎಡ್. ಬೇಕಿರಲಿಲ್ಲ, ಸಿಟಿಇಟಿ ಎಂಬ ಕೇಂದ್ರದ ಶಿಕ್ಷಕರ ಅರ್ಹತಾ ಪರೀಕ್ಷೆಯೂ ಬೇಕಿರಲಿಲ್ಲ. ಲಿಖಿತ ಪರೀಕ್ಷೆಯ ಜೊತೆಗೆ ಹಾಡಿ ತೋರಿಸಬೇಕು. ಮೂಲ ವೇತನ 35,400 ರೂಪಾಯಿಯಿಂದ ಶುರು. ನವೋದಯ ವಿದ್ಯಾಲಯಗಳಲ್ಲೂ ಸಂಗೀತ ಶಿಕ್ಷಕರಿದ್ದಾರೆ, ಅವರ ಮೂಲ ವೇತನ 44,900ರಿಂದ. ಅದು ವಸತಿ ಶಾಲೆ, ಮಕ್ಕಳ ಜೊತೆಗೇ ಇರಬೇಕು. ಎರಡಕ್ಕೂ ಹೋಗುವವರು ಅಧಿಸೂಚನೆಯ ಅರ್ಹತೆಯ ಸಾಲನ್ನು ಅಕ್ಷರ ಅಕ್ಷರ ಓದಬೇಕು. ಹಿಂದಿನ ಸಲ ಇದ್ದದ್ದು ಈ ಸಲವೂ ಇರುತ್ತದೆ ಅಂತ ನಂಬಿ ಕೂರಬಾರದು.

ಸಿಬಿಎಸ್‌ಇ ಶಾಲೆಗಳಲ್ಲಿ ಒಂಬತ್ತರಿಂದ ಹನ್ನೆರಡರವರೆಗೆ ಸಂಗೀತವನ್ನು ವಿಷಯವಾಗಿಯೇ ತೆಗೆದುಕೊಳ್ಳಬಹುದು. ಕರ್ನಾಟಕ ಗಾಯನದ ಕೋಡ್ 031, ಹಿಂದೂಸ್ತಾನಿ ಗಾಯನದ್ದು 034. ಎನ್‌ಸಿಇಆರ್‌ಟಿ 2024ರಲ್ಲಿ ಮೂರನೇ ಮತ್ತು ಆರನೇ ತರಗತಿಗೆ ಕಲೆಯ ಪಠ್ಯಪುಸ್ತಕವನ್ನೇ ತಂದಿದೆ, ಅದರಲ್ಲಿ ಸಂಗೀತಕ್ಕೂ ಪಾಲಿದೆ. ಪುಸ್ತಕ ಬಂದ ಮೇಲೆ ಅದನ್ನು ಕಲಿಸುವವರೂ ಬೇಕಲ್ಲವೇ.

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಸಂಗೀತಕ್ಕೆ ಪೂರ್ಣಾವಧಿ ಹುದ್ದೆ ಕಡಿಮೆ. ಇದಕ್ಕೆ ಒಂದು ಕಾರಣ ಕಾನೂನಿನಲ್ಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾ ಶಿಕ್ಷಣದ ಬೋಧಕರು ಇರಬೇಕು ಅನ್ನುತ್ತದೆ, ಆದರೆ 'ಅರೆಕಾಲಿಕ' ಅಂತ ಬರೆದಿದೆ. ಆ ಒಂದು ಪದದಿಂದ ಕಲೆ ಕಲಿಸುವವರು ಶಾಲೆಯಲ್ಲಿ ಅರ್ಧ ಜನ ಆಗಿಬಿಟ್ಟರು. ನನಗೆ ಇದು ನೋವಿನ ವಿಷಯ. ಸರ್ಕಾರಿ ಶಾಲೆಯ ಮಗುವಿಗೆ ಸಂಗೀತ ಎಲ್ಲರಿಗಿಂತ ಹೆಚ್ಚು ಬೇಕು, ಅದರ ಮನೆಯವರಿಗೆ ತಿಂಗಳ ಫೀಸು ಕೊಟ್ಟು ಹೊರಗೆ ಕಳಿಸಲು ಆಗುವುದಿಲ್ಲ.

ಖಾಸಗಿ ಶಾಲೆಗಳಲ್ಲಿ ಡೆಮೊ ಕ್ಲಾಸ್ ಎಲ್ಲವನ್ನೂ ತೀರ್ಮಾನ ಮಾಡುತ್ತದೆ. ಇಪ್ಪತ್ತು ನಿಮಿಷ ಕೊಡುತ್ತಾರೆ. ಹಿಂದಿನ ಬೆಂಚಿನಲ್ಲಿ ಪ್ರಿನ್ಸಿಪಾಲರು ಕೂತಿರುತ್ತಾರೆ. ಚೆನ್ನಾಗಿ ಹಾಡುವವರು ಅಲ್ಲಿ ಹದಿನೈದು ನಿಮಿಷ ತಾವೇ ಹಾಡಿಬಿಡುತ್ತಾರೆ. ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ, ಕೆಲಸ ಇನ್ನೊಬ್ಬರಿಗೆ ಹೋಗುತ್ತದೆ. ನೀವು ನಾಲ್ಕು ಸಾಲಿನ ಹಾಡು ಆರಿಸಿ. ಒಂದು ಸಾಲು ನೀವು, ಒಂದು ಸಾಲು ಅವರು. ತಪ್ಪಿದ ಜಾಗವನ್ನು ಹೆಸರು ಹಿಡಿದು ಯಾರಿಗೂ ತೋರಿಸಬೇಡಿ, ನೀವೇ ಸರಿಯಾಗಿ ಇನ್ನೊಮ್ಮೆ ಹಾಡಿ. ಇಪ್ಪತ್ತನೇ ನಿಮಿಷಕ್ಕೆ ನೀವು ಸುಮ್ಮನಿದ್ದು ಮಕ್ಕಳೇ ಪೂರ್ತಿ ಹಾಡಬೇಕು.

ಆ ತಾಯಿ ಹೊರಡುವಾಗ ಕತ್ತಲಾಗಿತ್ತು. ಮಗಳಿಗೆ ನಾನು ಕೊಟ್ಟ ಪಟ್ಟಿ ಚಿಕ್ಕದು. ಸಂಗೀತದ ಜೊತೆ ಕನ್ನಡ ಇರುವ ಬಿಎ ಹುಡುಕುವುದು. ಆ ಕಾಂಬಿನೇಷನ್ನಿಗೆ ಬಿ.ಎಡ್.ನಲ್ಲಿ ಯಾವ ಬೋಧನಾ ವಿಷಯ ಸಿಗುತ್ತದೆ ಅಂತ ಸೇರುವ ಮೊದಲೇ ಒಂದು ಬಿ.ಎಡ್. ಕಾಲೇಜಿಗೆ ಹೋಗಿ ಕೇಳುವುದು. ವಿದ್ವತ್ ಪೂರ್ವಕ್ಕೆ ಪಾಠ ಬಿಡದಿರುವುದು. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಗುರುವಾರ ಮೂರನೇ ಪಿರಿಯಡ್, ನನ್ನ ಎರಡನೇ ಕ್ಲಾಸಿನಲ್ಲಿ ಬಂದು ಕೂರುವುದು. ಅಲ್ಲಿಯವರೆಗೆ ದಿನಾ ಅರ್ಧ ಗಂಟೆ ಒಂದು ಮನೆ ಶ್ರುತಿಗೆ ಹಾಡಿ ಅಭ್ಯಾಸ ಮಾಡಿಕೊಂಡು ಬಾ ಅಂತಲೂ ಹೇಳಿದ್ದೇನೆ.